ತುಕ್ಕೂ ನಮ್ಮ ಗಾಡಿಗಳೂ

ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ಕಡಲ ತೀರದವರ ಕಷ್ಟ, ಬಿಸಿಲುನಾಡಿನವರಾದ ನಮಗೆ ಅದರ ಚಿಂತೆ ಬೇಡ ಎಂಬ ಮಾತು ಕಲಬುರಗಿಯ ಕಡೆ ಆಗಾಗ ಕೇಳಿಬರುತ್ತದೆ. ಆ ಮಾತಿನಲ್ಲಿ ಅರ್ಧ ಸತ್ಯವುಂಟು. ಮಂಗಳೂರಿನ ಉಪ್ಪುಗಾಳಿ ಆಳಂದದವರೆಗೆ ಬೀಸುವುದಿಲ್ಲ. ಅಫಜಲಪುರದ ಮೇ ತಿಂಗಳ ಗಾಳಿಯಲ್ಲಿ ಒದ್ದೆ ಬಟ್ಟೆ ನೋಡುನೋಡುತ್ತಿರುವಂತೆಯೇ ಒಣಗುತ್ತದೆ. ಆದರೆ ಉಳಿದ ಅರ್ಧ ಸತ್ಯವನ್ನು ಮರೆತುದರಿಂದ ನಮ್ಮ ಜನರು ತೆರುತ್ತಿರುವ ಬೆಲೆ ಸಣ್ಣದಲ್ಲ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳಲ್ಲಿ ತುಕ್ಕು ಗಾಡಿಗೆ ಹೆಚ್ಚಾಗಿ ನೆಲದಿಂದ ಹತ್ತಿ ಬರುತ್ತದೆ. ಆದುದರಿಂದ ಗಾಡಿ ತೊಳೆಯುವವನ ಕಣ್ಣು ಅದರ ನೆತ್ತಿಗಿಂತ ಮೊದಲು ಹೊಟ್ಟೆಯ ಮೇಲೆ ಬೀಳಬೇಕು. ಆ ತೊಳೆಯುವಿಕೆಯೂ ಹೊಳೆಯಿಂದ ದೂರದಲ್ಲಿ, ಅಳತೆಯ ನೀರಿನಲ್ಲಿ ಆಗಬೇಕು. ಇದೇ ಈ ಲೇಖನದಲ್ಲಿ ನಾವು ವಾಚಕರ ಮುಂದಿಡಬಯಸುವ ವಿಚಾರ.

ಇದು ಬರಿಯ ಅಂದಚಂದದ ಪ್ರಶ್ನೆಯೆಂದು ಯಾರೂ ತಿಳಿಯಬಾರದು. ಎತ್ತಿನ ಬಂಡಿ ನಿಲ್ಲುತ್ತಿದ್ದ ಅಂಗಳಗಳಲ್ಲಿ ಇಂದು ಮೋಟಾರು ಸೈಕಲ್ಲು, ಟ್ರ್ಯಾಕ್ಟರು, ಟಂಟಂ, ಕಾರು ಬಂದು ನಿಂತಿವೆ. ಹೊಲಮನೆಗಳನ್ನು ಬಿಟ್ಟರೆ ಒಕ್ಕಲಿಗನ ಬಳಿ ಇರುವ ಅತ್ಯಂತ ಬೆಲೆಯುಳ್ಳ ಸೊತ್ತು ಅನೇಕ ವೇಳೆ ಅದೇ ಆಗಿರುತ್ತದೆ; ಬಹುಮಟ್ಟಿಗೆ ಅದು ಸಾಲದಿಂದ ಕೊಂಡದ್ದೂ ಆಗಿರುತ್ತದೆ. ಸಾಲ ತೀರುವುದರೊಳಗೆ ಟ್ರೇಲರಿನ ತಳ ತೂತುಬಿದ್ದರೆ ಆ ಮನೆಯ ಲೆಕ್ಕವೇ ತಲೆಕೆಳಗಾಗುತ್ತದೆ. ಇಂದಿನ ಕಾಯಿದೆಯಂತೆ ಖಾಸಗಿ ಕಾರಿನ ನೋಂದಣಿಯ ಅವಧಿ ೧೫ ವರ್ಷ. ಅದಕ್ಕೂ ಮುಂದೆ ಓಡಿಸಬೇಕಾದರೆ ಗಾಡಿ ಸುಸ್ಥಿತಿಯಲ್ಲಿದೆಯೆಂದು ತಪಾಸಣೆಯಲ್ಲಿ ತೋರಿಸಿಕೊಡಬೇಕು. ಎಂಜಿನ್ನನ್ನು ಬಿಚ್ಚಿ ಸರಿಪಡಿಸಬಹುದು, ಟಯರು ಬದಲಿಸಬಹುದು. ತುಕ್ಕು ತಿಂದು ಜೊಳ್ಳಾದ ಚೌಕಟ್ಟಿಗೆ ಸುಲಭವಾದ ಮದ್ದಿಲ್ಲ. ಜಗತ್ತಿನ ಮಟ್ಟದಲ್ಲಿಯೂ ಈ ನಷ್ಟವನ್ನು ಲೆಕ್ಕ ಹಾಕಿದವರುಂಟು. ೨೦೧೬ರಲ್ಲಿ ಹೊರಬಂದ ಒಂದು ಅಂತರರಾಷ್ಟ್ರೀಯ ಅಧ್ಯಯನವು ಲೋಹಗಳ ಕೊರೆತದಿಂದ ೨೦೧೩ರಲ್ಲಿ ಆದ ವೆಚ್ಚವನ್ನು ಎರಡೂವರೆ ಲಕ್ಷ ಕೋಟಿ ಡಾಲರುಗಳೆಂದು, ಅಂದರೆ ಜಗತ್ತಿನ ಒಟ್ಟು ಉತ್ಪನ್ನದ ಶೇ. ೩.೪ರಷ್ಟೆಂದು ಅಂದಾಜು ಮಾಡಿತು. ಈಗಾಗಲೇ ಗೊತ್ತಿರುವ ಉಪಾಯಗಳನ್ನು ಸರಿಯಾಗಿ ಬಳಸಿದರೆ ಇದರಲ್ಲಿ ಶೇ. ೧೫ರಿಂದ ೩೫ರಷ್ಟನ್ನು ಉಳಿಸಬಹುದೆಂದೂ ಅದೇ ಅಧ್ಯಯನ ಹೇಳಿತು. ಎಂದರೆ ನಮಗೆ ಬೇಕಾಗಿರುವುದು ಹೊಸ ಶೋಧವಲ್ಲ, ತಿಳಿದುದನ್ನು ಮಾಡುವ ಅಭ್ಯಾಸ.

ತುಕ್ಕು ಎಂದರೇನು? ಕಬ್ಬಿಣವು ಗಾಳಿಯಲ್ಲಿರುವ ಆಮ್ಲಜನಕದೊಡನೆಯೂ ನೀರಿನೊಡನೆಯೂ ಕೂಡಿ ಆಗುವ ಕೆಂಗಂದು ಬಣ್ಣದ ವಸ್ತುವೇ ತುಕ್ಕು. ಒಂದು ಕಿಲೋ ಕಬ್ಬಿಣ ಪೂರ್ತಿಯಾಗಿ ತುಕ್ಕಾದರೆ ಸುಮಾರು ಒಂದೂವರೆ ಕಿಲೋ ತೂಗುತ್ತದೆ. ಗಾತ್ರವಂತೂ ಹಲವು ಪಟ್ಟು ಹೆಚ್ಚುತ್ತದೆ. ಹೀಗೆ ಉಬ್ಬುವುದರಿಂದಲೇ ತುಕ್ಕು ತನ್ನ ಮೇಲಿನ ಬಣ್ಣವನ್ನು ಗುಳ್ಳೆಯಂತೆ ಎಬ್ಬಿಸಿ ಸಿಡಿಸುತ್ತದೆ. ತುಕ್ಕಿಗೆ ನೀರೂ ಗಾಳಿಯೂ ಎರಡೂ ಬೇಕು, ಒಂದಿದ್ದರೆ ಸಾಲದು ಎಂಬುದನ್ನು ಶಾಲೆಯ ಪ್ರಯೋಗಶಾಲೆಯಲ್ಲಿಯೇ ನೋಡಬಹುದು. ನಾಲ್ಕು ಪ್ರನಾಳಗಳಲ್ಲಿ ಒಂದೊಂದು ಹೊಸ ಮೊಳೆಯನ್ನು ಹಾಕಬೇಕು. ಮೊದಲನೆಯದರಲ್ಲಿ ಸಾಮಾನ್ಯ ನೀರು, ಎರಡನೆಯದರಲ್ಲಿ ಕುದಿಸಿ ಗಾಳಿ ಹೋಗಲಾಡಿಸಿದ ನೀರು, ಅದರ ಮೇಲೊಂದು ಎಣ್ಣೆಯ ಪದರ, ಮೂರನೆಯದರಲ್ಲಿ ತೇವವನ್ನು ಹೀರುವ ಕ್ಯಾಲ್ಸಿಯಂ ಕ್ಲೋರೈಡಿನ ಹರಳು ಮತ್ತು ಬಿಗಿಯಾದ ಬೂಚು, ನಾಲ್ಕನೆಯದರಲ್ಲಿ ಉಪ್ಪುನೀರು. ವಾರ ಕಳೆದ ಮೇಲೆ ನೋಡಿದರೆ ಎರಡನೆಯ ಮತ್ತು ಮೂರನೆಯ ಮೊಳೆಗಳು ಬಹುಮಟ್ಟಿಗೆ ಹಾಗೆಯೇ ಉಳಿದಿರುತ್ತವೆ, ಮೊದಲನೆಯದು ಕೆಂಪೇರಿರುತ್ತದೆ, ನಾಲ್ಕನೆಯದರ ಅವಸ್ಥೆ ಎಲ್ಲಕ್ಕಿಂತ ಕೆಟ್ಟದಾಗಿರುತ್ತದೆ.

ಈ ಕ್ರಿಯೆಯ ಒಳಗುಟ್ಟು ವಿದ್ಯುತ್ತಿನಲ್ಲಿದೆ. ಕೇಂಬ್ರಿಜ್ಜಿನ ಯೂಲಿಕ್ ಇವಾನ್ಸ್ ಎಂಬ ವಿಜ್ಞಾನಿ ನಯವಾದ ಕಬ್ಬಿಣದ ತಗಡಿನ ಮೇಲೆ ಉಪ್ಪುನೀರಿನ ಒಂದು ಹನಿಯನ್ನಿಟ್ಟು ಅದನ್ನು ತೋರಿಸಿಕೊಟ್ಟರು. ಹನಿಯ ಅಂಚಿಗೆ ಗಾಳಿ ಧಾರಾಳವಾಗಿ ಸಿಗುತ್ತದೆ. ನಡುವಿನ ಭಾಗಕ್ಕೆ ಕಡಿಮೆ. ಗಾಳಿ ಹೆಚ್ಚಾಗಿ ಸಿಗುವ ಅಂಚು ಬೇಗನೆ ಕೊರೆಯುತ್ತದೆಂದು ಯಾರಾದರೂ ಊಹಿಸಬಹುದು. ನಡೆಯುವುದು ಇದಕ್ಕೆ ವಿರುದ್ಧ. ಗಾಳಿ ಕಡಿಮೆಯಿರುವ ನಡುಭಾಗದಲ್ಲಿಯೇ ಕಬ್ಬಿಣ ಕರಗುತ್ತದೆ. ಅಲ್ಲಿಂದ ಹೊರಟ ಎಲೆಕ್ಟ್ರಾನುಗಳು ಲೋಹದ ಮೂಲಕ ಅಂಚಿಗೆ ಹರಿದು ಅಲ್ಲಿನ ಆಮ್ಲಜನಕವನ್ನು ಸೇರುತ್ತವೆ. ಒಂದು ಹನಿಯೇ ಒಂದು ಪುಟ್ಟ ವಿದ್ಯುತ್ಕೋಶವಾಗುತ್ತದೆ. ನೀರಿನಲ್ಲಿ ಲವಣ ಹೆಚ್ಚಿದಷ್ಟೂ ವಿದ್ಯುತ್ತು ಸರಾಗವಾಗಿ ಹರಿದು ಕೊರೆತ ವೇಗಗೊಳ್ಳುತ್ತದೆ. ಈ ಪ್ರಯೋಗವನ್ನು ವಾಚಕರು ನೆನಪಿಟ್ಟುಕೊಳ್ಳಬೇಕು. ಗಾಡಿಯ ಚಕ್ರದ ಮಗ್ಗುಲಲ್ಲಿ ಮೆತ್ತಿಕೊಂಡ ಕೆಸರಿನ ಅಡಿಯಲ್ಲಿ ನಡೆಯುವುದು ಇದೇ.

ಈಗ ನಮ್ಮ ಊರಿನ ಹವೆಯನ್ನು ನೋಡೋಣ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ. ೬೦ಕ್ಕಿಂತ ಕೆಳಗಿದ್ದರೆ ಕಬ್ಬಿಣ ಬಹಳ ನಿಧಾನವಾಗಿ ತುಕ್ಕು ಹಿಡಿಯುತ್ತದೆ, ಆ ಮಿತಿಯನ್ನು ದಾಟಿದೊಡನೆ ವೇಗ ಒಮ್ಮೆಗೇ ಏರುತ್ತದೆ ಎಂಬುದನ್ನು ಇಂಗ್ಲೆಂಡಿನ ವರ್ನನ್ ಎಂಬ ರಸಾಯನ ವಿಜ್ಞಾನಿ ಕಳೆದ ಶತಮಾನದ ಪೂರ್ವಾರ್ಧದಲ್ಲಿಯೇ ತೋರಿಸಿದರು. ಕಲಬುರಗಿಯ ಬೇಸಿಗೆಯ ಹಗಲು ಈ ಮಿತಿಗಿಂತ ಎಷ್ಟೋ ಕೆಳಗಿರುತ್ತದೆ. ಬಿಸಿಲುನಾಡಿಗೆ ಭಯವಿಲ್ಲವೆನ್ನುವವರ ವಾದಕ್ಕೆ ಇಷ್ಟರಮಟ್ಟಿಗೆ ಆಧಾರವುಂಟೆಂದು ನಾವೂ ಒಪ್ಪುತ್ತೇವೆ. ಅವರು ದಿಲ್ಲಿಯ ಉಕ್ಕಿನಂಥ ಕಬ್ಬಿಣ ಸ್ತಂಭವನ್ನೂ ಸಾಕ್ಷಿಗೆ ಕರೆಯಬಹುದು. ಸುಮಾರು ೧,೬೦೦ ವರ್ಷಗಳ ಹಿಂದಿನ, ಆರು ಟನ್ನಿಗೂ ಮೀರಿದ ತೂಕದ ಆ ಸ್ತಂಭ ಇಂದಿಗೂ ನಿಂತಿದೆ. ಅದರ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಾಗಿದ್ದು, ಮೇಲ್ಮೈಯಲ್ಲಿ ರಕ್ಷಕ ಪದರವೊಂದು ತಾನಾಗಿಯೇ ಬೆಳೆದುದೂ, ದಿಲ್ಲಿಯ ಹವೆ ವರ್ಷದ ಬಹುಭಾಗ ಒಣಗಿರುವುದೂ ಇದಕ್ಕೆ ಕಾರಣಗಳು. ಆದರೆ ೧೯೬೧ರಲ್ಲಿ ಸ್ತಂಭವನ್ನು ಸಂರಕ್ಷಣೆಗಾಗಿ ಕಿತ್ತು ನೋಡಿದಾಗ ಮಣ್ಣಿನಲ್ಲಿ ಹೂತಿದ್ದ ಭಾಗದ ಮೇಲೆ ತುಕ್ಕಿನ ದಪ್ಪ ಪದರ ಕಂಡುಬಂದಿತು. ಕಬ್ಬಿಣ ಅದೇ, ಊರು ಅದೇ. ಗಾಳಿಯಲ್ಲಿ ನಿಂತ ಭಾಗ ಉಳಿಯಿತು, ಮಣ್ಣಿನ ತೇವದಲ್ಲಿದ್ದ ಭಾಗ ತುಕ್ಕು ಹಿಡಿಯಿತು. ಸಾಕ್ಷಿಯೇ ನಮ್ಮ ಪಕ್ಷಕ್ಕೆ ಬಂದಂತಾಯಿತು.

ನಮ್ಮ ತಾಲೂಕುಗಳ ಮಣ್ಣಾದರೂ ಎಂಥದು? ದಖ್ಖನ್ನಿನ ಕಪ್ಪು ಬಸಾಲ್ಟು ಶಿಲೆ ಸವೆದು ಆದ ಎರೆಮಣ್ಣು. ಇದರಲ್ಲಿರುವ ಸೂಕ್ಷ್ಮ ಜೇಡಿಯ ಕಣಗಳು ನೀರನ್ನು ಹೀರಿ ಉಬ್ಬುತ್ತವೆ, ಹಿಡಿದ ನೀರನ್ನು ಬೇಗ ಬಿಡುವುದಿಲ್ಲ. ಈ ಗುಣದಿಂದಲೇ ಹಿಂಗಾರಿನ ಜೋಳ ಇಬ್ಬನಿಯಲ್ಲಿಯೂ ನೆಲದ ಪಸೆಯಲ್ಲಿಯೂ ಬೆಳೆದು ಬರುತ್ತದೆ. ತೊಗರಿಯ ಬೇರು ಮಳೆ ನಿಂತ ಮೇಲೂ ಆಳದಲ್ಲಿ ತೇವವನ್ನು ಕಾಣುತ್ತದೆ. ಬೆಳೆಗೆ ವರವಾದ ಗುಣವೇ ಗಾಡಿಗೆ ಶಾಪ. ಜೂನ್‌ನಿಂದ ಅಕ್ಟೋಬರ್‌ವರೆಗೆ ಹೊಲದ ದಾರಿಯಲ್ಲಿ ಓಡಾಡಿದ ಗಾಡಿಯ ಮಡ್‌ಗಾರ್ಡಿನ ಒಳಮಡಿಕೆಯಲ್ಲಿ, ಚೌಕಟ್ಟಿನ ಸಂದಿಗಳಲ್ಲಿ ಎರೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ರಸ್ತೆ ಒಣಗಿ ಧೂಳೆದ್ದ ಮೇಲೂ ಆ ಮುದ್ದೆಯ ಒಳಭಾಗ ಹಸಿಯಾಗಿಯೇ ಇರುತ್ತದೆ. ಹೊರಗೆ ಬೇಸಿಗೆ, ಒಳಗೆ ಮಳೆಗಾಲ. ಇವಾನ್ಸರ ಹನಿಯಲ್ಲಿ ನಡೆದುದು ಅಲ್ಲಿ ತಿಂಗಳುಗಟ್ಟಲೆ ನಡೆಯುತ್ತದೆ.

ಇದಕ್ಕೆ ಲವಣವೂ ಸೇರುತ್ತದೆ. ಹೊಲಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರವು ಮುಖ್ಯವಾಗಿ ಪೊಟ್ಯಾಸಿಯಂ ಕ್ಲೋರೈಡ್; ಅಡುಗೆಯ ಉಪ್ಪಾದ ಸೋಡಿಯಂ ಕ್ಲೋರೈಡಿಗೆ ಸೋದರ ಸಂಬಂಧಿ. ಕಡಲ ಗಾಳಿಯಲ್ಲಿ ಕಬ್ಬಿಣಕ್ಕೆ ಕೇಡುಮಾಡುವ ಕ್ಲೋರೈಡೇ ಇಲ್ಲಿ ಚೀಲದಲ್ಲಿ ಬಂದು ಟ್ರೇಲರಿನಲ್ಲಿ ಚೆಲ್ಲುತ್ತದೆ. ಯೂರಿಯಾದ ಹರಳು ಆರ್ದ್ರತೆ ಶೇ. ೭೩ರ ಸುಮಾರಿಗೆ ಏರಿದೊಡನೆ ಗಾಳಿಯ ತೇವವನ್ನೆಳೆದು ತಾನೇ ನೀರಾಗತೊಡಗುತ್ತದೆ. ಮಳೆಗಾಲದ ರಾತ್ರಿಗಳಲ್ಲಿ ಅಷ್ಟು ಆರ್ದ್ರತೆ ಅಪರೂಪವೇನೂ ಅಲ್ಲ. ಇನ್ನು ಅಫಜಲಪುರ ತಾಲೂಕಿನ ಹವಳಗಾ, ಆಳಂದ ತಾಲೂಕಿನ ಭೂಸನೂರುಗಳ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಹೊತ್ತೊಯ್ಯುವ ಗಾಡಿಗಳದು ಬೇರೊಂದು ಪಾಡು. ಕಬ್ಬಿನ ರಸ ಸೋರಿ ತಳದಲ್ಲಿ ನಿಂತು ಹುಳಿಯುತ್ತದೆ. ಹುಳಿತ ರಸದಲ್ಲಿ ಆಮ್ಲ ಹುಟ್ಟುತ್ತದೆ. ಆಮ್ಲ ಕಬ್ಬಿಣವನ್ನು ತಿನ್ನುತ್ತದೆ. ೨೦೨೦ರ ಅಕ್ಟೋಬರಿನಲ್ಲಿ ಭೀಮಾನದಿ ಉಕ್ಕಿ ಈ ಸೀಮೆಯ ಊರುಗಳಿಗೆ ನುಗ್ಗಿದುದು ಎಲ್ಲರಿಗೂ ನೆನಪಿದೆ. ಅಂಥ ನೆರೆಯಲ್ಲಿ ಮುಳುಗಿದ ಗಾಡಿಯ ಬಾಗಿಲಿನ ಟೊಳ್ಳಿನಲ್ಲಿಯೂ ಚೌಕಟ್ಟಿನ ಕೊಳವೆಯಲ್ಲಿಯೂ ರೇವೆ ಕೂತರೆ, ಮೇಲೆ ಎಷ್ಟು ಒರೆಸಿದರೂ ಒಳಗಿನ ಕೊರೆತ ನಿಲ್ಲದು.

ಹೊಸ ಗಾಡಿಗಳಿಗೆ ಕಾರ್ಖಾನೆಯಲ್ಲಿಯೇ ಒಳ್ಳೆಯ ರಕ್ಷಣೆಯಿರುತ್ತದಲ್ಲವೆ ಎಂದು ಕೇಳಬಹುದು. ಇರುತ್ತದೆ ನಿಜ. ಎಷ್ಟೋ ಕಾರುಗಳ ತಗಡಿಗೆ ಸತುವಿನ ಲೇಪವುಂಟು. ಸತು ಕಬ್ಬಿಣಕ್ಕಿಂತ ಬೇಗ ಎಲೆಕ್ಟ್ರಾನು ಬಿಟ್ಟುಕೊಡುವ ಲೋಹವಾದುದರಿಂದ ಮೊದಲು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಅದರ ಮೇಲೆ ಫಾಸ್ಫೇಟಿನ ಲೇಪ, ಬಣ್ಣದ ಅಸ್ತರಿ, ಬಣ್ಣ, ಕೊನೆಗೆ ಪಾರದರ್ಶಕ ವಾರ್ನಿಷು. ಆದರೆ ಈ ಎಲ್ಲ ಪದರಗಳೂ ಸೇರಿ ದಪ್ಪದಲ್ಲಿ ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕೆ ಸ್ವಲ್ಪ ಹೆಚ್ಚು ಕಡಿಮೆ, ಅಷ್ಟೆ. ಕಲ್ಲು ಸಿಡಿದು ಒಂದು ಕಡೆ ಕಿತ್ತರೆ ಬಾಗಿಲು ತೆರೆದಂತೆಯೇ. ಟ್ರ್ಯಾಕ್ಟರಿನ ಟ್ರೇಲರುಗಳಿಗಂತೂ ಇಷ್ಟು ಸಂರಕ್ಷಣೆಯೂ ಇರುವುದಿಲ್ಲ; ಬೆಸುಗೆ ಹಾಕಿದ ತಗಡಿನ ಮೇಲೆ ಒಂದೆರಡು ಕೈ ಬಣ್ಣ ಬಳಿದು ಕಳಿಸುವುದುಂಟು. ಸಾವಿರಾರು ರೂಪಾಯಿ ತೆತ್ತು ಕಾರಿನ ಮೇಲ್ಮೈಗೆ ಹೊಳಪಿನ ಲೇಪ ಹಾಕಿಸುವವರಿಗೆ ನಾವು ಬೇಡವೆನ್ನುವುದಿಲ್ಲ. ಕೆಸರು ಮೆತ್ತಿದ ಅಡಿಭಾಗವನ್ನು ಹಾಗೆಯೇ ಬಿಟ್ಟು ಮೇಲೆ ಹೊಳಪಿಸುವುದು ಹುಳುಕು ಹಲ್ಲಿಗೆ ಚಿನ್ನದ ಕವಚ ಹಾಕಿಸಿದಂತೆ ಎಂದಷ್ಟೇ ಹೇಳುತ್ತೇವೆ.

ಮೇಲ್ಮೈಯ ಶತ್ರುಗಳು ಬೇರೆ. ಮೊದಲನೆಯದು ಧೂಳು. ಹೊಳೆಮರಳಿನ ಧೂಳಿನಲ್ಲಿರುವ ಬೆಣಚುಕಲ್ಲಿನ ಕಣ, ಖನಿಜಗಳ ಗಡಸನ್ನು ಅಳೆಯುವ ಮೋಸ್ ಎಂಬವರ ಮಾನದಲ್ಲಿ ೭ನೆಯ ಸ್ಥಾನದ್ದು, ಗಾಜನ್ನೂ ಗೀರಬಲ್ಲದು. ಬೆಳಿಗ್ಗೆ ಒಣ ಬಟ್ಟೆಯಿಂದ ಗಾಡಿಯನ್ನು ಒರೆಸುವವನು ತಿಳಿಯದೆಯೇ ಉಜ್ಜುಕಾಗದವನ್ನು ಆಡಿಸುತ್ತಿರುತ್ತಾನೆ. ಎರಡನೆಯದು ಬಿಸಿಲು. ಅದರ ಅತಿನೇರಳೆ ಕಿರಣಗಳು ಬಣ್ಣವನ್ನು ಹಿಡಿದಿಟ್ಟ ಅಂಟಿನ ಅಣುಸರಪಳಿಗಳನ್ನು ಕಡಿಯುತ್ತವೆ. ಬಣ್ಣ ಸುಣ್ಣದಂತೆ ಪುಡಿಯೇಳುತ್ತದೆ. ಮೂರನೆಯದು ಹಕ್ಕಿಯ ಹಿಕ್ಕೆ. ಬೇವಿನ ಮರದ ನೆರಳು ಒಳ್ಳೆಯದೇ. ಹಿಕ್ಕೆ ಬಿದ್ದರೆ ಬಿಸಿಲಿನಲ್ಲಿ ಒಣಗಿ ವಾರ್ನಿಷನ್ನು ಕೊರೆಯುವುದಕ್ಕೆ ಮುನ್ನ ಒದ್ದೆ ಬಟ್ಟೆಯಿಂದ ತೆಗೆದುಬಿಡಬೇಕು. ನಾಲ್ಕನೆಯದು ಕೊಳವೆ ಬಾವಿಯ ಗಡಸು ನೀರು. ತೊಳೆದ ಗಾಡಿಯನ್ನು ಬಿಸಿಲಿಗೆ ಬಿಟ್ಟರೆ ನೀರು ಆವಿಯಾಗಿ ಸುಣ್ಣದ ಬಿಳಿಯ ಕಲೆ ಉಳಿಯುತ್ತದೆ. ಒರೆಸಿ ಒಣಗಿಸಿದರೆ ಉಳಿಯುವುದಿಲ್ಲ.

ಹಾಗಾದರೆ ತೊಳೆಯುವ ಕ್ರಮ ಹೇಗಿರಬೇಕು? ಗಾಡಿ ನೆರಳಿನಲ್ಲಿರಬೇಕು, ತಣ್ಣಗಿರಬೇಕು. ಮೊದಲು ಅಡಿಭಾಗ. ಒಣಗಿದ ಎರೆಯನ್ನು ಕೆತ್ತಿದರೆ ಬಣ್ಣವೂ ಕೂಡಿಯೇ ಬರುತ್ತದೆ. ಆದುದರಿಂದ ಅದನ್ನು ನೆನೆಯಿಸಿ, ಕಾಲು ತಾಸು ಬಿಟ್ಟು, ಕುಂಚದಿಂದ ಸಡಿಲಿಸಿ ತೊಳೆಯಬೇಕು. ಬೆಳೆಗೆ ಔಷಧ ಹೊಡೆಯುವಂಥ ಬೆನ್ನುಪಂಪನ್ನು ಇದಕ್ಕೆಂದೇ ಬೇರೆಯಾಗಿ ಇಟ್ಟುಕೊಂಡರೆ ಕಡಿಮೆ ನೀರಿನಲ್ಲಿ ಸಂದಿಗಳನ್ನು ತಲಪಬಹುದು. ಬಾಗಿಲುಗಳ ಕೆಳಅಂಚಿನಲ್ಲಿ ನೀರು ಹರಿದುಹೋಗಲೆಂದು ಬಿಟ್ಟ ಸಣ್ಣ ರಂಧ್ರಗಳಿರುತ್ತವೆ. ಅವು ಮಣ್ಣಿನಿಂದ ಮುಚ್ಚಿದ್ದರೆ ಕಡ್ಡಿಯಿಂದ ಬಿಡಿಸಬೇಕು. ಅನಂತರ ಮೇಲ್ಭಾಗ: ಒಂದು ಬಕೆಟ್ಟಿನಲ್ಲಿ ಮೃದುವಾದ ಸಾಬೂನಿನ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರಿಯ ನೀರು. ಬಟ್ಟೆ ಒಗೆಯುವ ಪುಡಿ ಮೇಣದ ಪದರವನ್ನು ಕಿತ್ತುಹಾಕುತ್ತದಾದುದರಿಂದ ಅದು ಬೇಡ. ಮೇಲಿನಿಂದ ಕೆಳಗೆ ತೊಳೆದು, ಒಣ ಬಟ್ಟೆಯಿಂದ ತೇವ ತೆಗೆದು, ವರ್ಷಕ್ಕೆರಡು ಸಲವಾದರೂ ತೆಳ್ಳಗೆ ಮೇಣ ಹಚ್ಚಬೇಕು. ಬಣ್ಣ ಕಿತ್ತ ಕಡೆ ತುಕ್ಕನ್ನು ಉಜ್ಜುಕಾಗದದಿಂದ ತೆಗೆದು, ಮೊದಲು ಅಸ್ತರಿ ಬಣ್ಣ, ಆಮೇಲೆ ಮೇಲು ಬಣ್ಣ ಮುಟ್ಟಿಸಬೇಕು. ಮೂರು ನಾಲ್ಕು ಬಕೆಟ್ಟು ನೀರಿನಲ್ಲಿ ಕಾರು ಶುಚಿಯಾಗುತ್ತದೆ. ಕೊಳವೆ ಬಿಟ್ಟು ಹತ್ತು ನಿಮಿಷ ನಿಂತವನು ನೂರು ಲೀಟರಿಗೂ ಮೀರಿ ಚೆಲ್ಲುತ್ತಾನೆ.

ನೀರಿನ ಮಾತು ಬಂದುದರಿಂದ ಹೊಳೆಯ ಮಾತನ್ನೂ ಆಡಲೇಬೇಕು. ಗಾಡಿಯನ್ನು ನೇರವಾಗಿ ಹೊಳೆಗೋ ಕೆರೆಗೋ ಇಳಿಸಿ ತೊಳೆಯುವ ರೂಢಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಎತ್ತುಗಳ ಮೈತೊಳೆಯುತ್ತಿದ್ದ ಕಾಲದ ಅಭ್ಯಾಸ ಮೋಟಾರಿಗೂ ಮುಂದುವರಿಯಿತೆಂದು ತೋರುತ್ತದೆ. ಎತ್ತಿನ ಮೈಯಿಂದ ಹೊಳೆಗೆ ಎಣ್ಣೆ ಇಳಿಯುತ್ತಿರಲಿಲ್ಲ. ಟ್ರ್ಯಾಕ್ಟರಿನಿಂದ ಗ್ರೀಸು, ಡೀಸೆಲ್, ಗೊಬ್ಬರ ಎಲ್ಲವೂ ಇಳಿಯುತ್ತವೆ. ಬದಲಿಗೆ ಚಕ್ರದ ಬೇರಿಂಗಿಗೂ ಬ್ರೇಕಿನ ಡ್ರಮ್ಮಿಗೂ ನೀರು ಹೊಗುತ್ತದೆ. ಹೊಳೆಗೂ ನಷ್ಟ, ಗಾಡಿಗೂ ನಷ್ಟ. ಆಳಂದ ತಾಲೂಕಿನ ಕೋರಹಳ್ಳಿಯ ಜಲಾಶಯದಿಂದ ಕೆಳಗಿಳಿದ ಅಮರ್ಜೆ ಗಾಣಗಾಪುರದ ಬಳಿ ಭೀಮೆಯನ್ನು ಸೇರುತ್ತದೆ. ಭೀಮೆ ಮುಂದೆ ಜೇವರ್ಗಿಯ ಸೀಮೆಗೆ ಹರಿಯುತ್ತದೆ. ಮೇಲಿನ ಊರಿನವನು ತೊಳೆದುದನ್ನು ಕೆಳಗಿನ ಊರಿನವನು ಕುಡಿಯಬೇಕಾಗುತ್ತದೆ. ೨೦೨೪ರ ಬೇಸಿಗೆಯಲ್ಲಿ ಭೀಮೆಯ ಪಾತ್ರ ಬತ್ತಿ ಅಫಜಲಪುರದ ಜನ ನೀರಿಗಾಗಿ ಹೋರಾಟಕ್ಕೆ ಇಳಿದರು. ಅದೇ ವರ್ಷದ ಮಾರ್ಚಿನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ ೫,೦೦೦ ರೂಪಾಯಿ ದಂಡ ವಿಧಿಸಿತು. ರಾಜಧಾನಿಗೆ ಬಂದ ಬುದ್ಧಿ ಹೊಳೆಯ ದಡದವರಿಗೆ ದಂಡವಿಲ್ಲದೆಯೇ ಬರಬೇಕು.

ತುಕ್ಕು ತಡೆಯಲೆಂದು ಗಾಡಿಯ ಅಡಿಗೆ ಸುಟ್ಟ ಎಂಜಿನ್ ಎಣ್ಣೆಯನ್ನು ಹೊಡೆಯುವ ಪದ್ಧತಿಯೂ ಉಂಟು. ಎಣ್ಣೆ ನೀರನ್ನು ತಡೆಯುತ್ತದೆಂಬುದು ನಿಜ. ಆದರೆ ಬಳಸಿದ ಎಣ್ಣೆಯಲ್ಲಿ ಆಮ್ಲವೂ ಲೋಹದ ಪುಡಿಯೂ ಕ್ಯಾನ್ಸರ್‌ಕಾರಕ ವಸ್ತುಗಳೂ ಸೇರಿರುತ್ತವೆ. ಅದು ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ, ಧೂಳನ್ನು ಮೆತ್ತಿಸಿಕೊಳ್ಳುತ್ತದೆ, ಮೊದಲ ಮಳೆಗೆ ತೊಟ್ಟಿಕ್ಕಿ ನೆಲ ಸೇರುತ್ತದೆ. ಒಂದು ಸಲ ಬದಲಿಸಿ ತೆಗೆದ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ರಕ್ಷಣಾ ಸಂಸ್ಥೆ ಎಚ್ಚರಿಸಿದೆ. ಅಡಿಭಾಗಕ್ಕೆಂದೇ ತಯಾರಾದ ಡಾಂಬರಿನಂಥ ಇಲ್ಲವೆ ಮೇಣದಂಥ ಲೇಪಗಳು ಸಿಗುತ್ತವೆ. ತೊಳೆದು ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಅವು ವರ್ಷಗಟ್ಟಲೆ ಕೆಲಸ ಮಾಡುತ್ತವೆ. ಒದ್ದೆ ಮಣ್ಣಿನ ಮೇಲೆಯೇ ಬಳಿದರೆ ಮಾತ್ರ ತೇವವನ್ನು ಒಳಗೆ ಕೂಡಿಹಾಕಿ ಬೀಗ ಹಾಕಿದಂತಾಗುತ್ತದೆ.

ಇದಕ್ಕೆಲ್ಲ ಹೊತ್ತು ಗೊತ್ತು ಬೇಕಷ್ಟೆ. ಅದನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಮಳೆಯ ಮೊದಲಿಗೆ ಕಾರ ಹುಣ್ಣಿಮೆ, ಮಳೆಯ ಕೊನೆಗೆ ಖಂಡೇನವಮಿ. ನಮ್ಮ ಪಂಚಾಂಗ ತುಕ್ಕಿನ ಋತುವಿನ ಎರಡು ತುದಿಗಳಲ್ಲಿ ಎರಡು ಹಬ್ಬಗಳನ್ನು ಇಟ್ಟುಕೊಂಡಿದೆ. ಕಾರ ಹುಣ್ಣಿಮೆಗೆ ಎತ್ತುಗಳ ಮೈತೊಳೆದು ಕೋಡಿಗೆ ಬಣ್ಣ ಹಚ್ಚುವ ಮನೆಯವರು ಅದೇ ವಾರದಲ್ಲಿ ಗಾಡಿಯ ಕಿತ್ತ ಬಣ್ಣವನ್ನು ಮುಟ್ಟಿಸಿ ಅಡಿಲೇಪ ಹಚ್ಚಲಿ. ಖಂಡೇನವಮಿಗೆ ಪೂಜೆಗೆ ಮುನ್ನ ಅಡಿಭಾಗದ ಎರೆಯನ್ನೆಲ್ಲ ತೆಗೆಯಲಿ. ಪೂಜೆಯ ನಿಂಬೆಹುಳಿ, ಎಳನೀರು, ಕುಂಕುಮಗಳನ್ನು ಅಂದೇ ಸಂಜೆ ಒರೆಸಿಬಿಟ್ಟರೆ ಭಕ್ತಿಗೇನೂ ಕುಂದಿಲ್ಲ. ಆಯುಧವನ್ನು ಪೂಜಿಸುವುದೆಂದರೆ ಅದನ್ನು ಕೆಡದಂತೆ ನೋಡಿಕೊಳ್ಳುವುದೆಂದೇ ನಮ್ಮ ತಿಳಿವಳಿಕೆ. ಕುಂಟೆಯ ಕುಡವನ್ನು ತೊಳೆದು ಎಣ್ಣೆ ಸವರಿ ಅಟ್ಟಕ್ಕೇರಿಸುತ್ತಿದ್ದ, ಬಂಡಿಯ ಅಚ್ಚಿಗೆ ತಪ್ಪದೆ ಕೀಲೆಣ್ಣೆ ಬಿಡುತ್ತಿದ್ದ ಹಿರಿಯರಿಗೆ ಇದನ್ನು ಹೇಳಿಕೊಡಬೇಕಾಗಿರಲಿಲ್ಲ.

ಗ್ರಾಮಪಂಚಾಯತಿಗಳೂ ಕಾರ್ಖಾನೆಗಳೂ ಮಾಡಬೇಕಾದ ಕೆಲಸವೂ ಒಂದುಂಟು. ಊರಿಗೊಂದು ಗಾಡಿ ತೊಳೆಯುವ ಕಟ್ಟೆ, ಅದಕ್ಕೆ ಇಳಿಜಾರು, ಮಣ್ಣು ತಂಗಲು ಒಂದು ಗುಂಡಿ, ಎಣ್ಣೆ ತೇಲಿಸಿ ತೆಗೆಯಲು ಇನ್ನೊಂದು ಗುಂಡಿ ಇದ್ದರೆ ಸಾಕು; ದೊಡ್ಡ ಯಂತ್ರವೇನೂ ಬೇಡ. ಕಬ್ಬಿನ ಗಾಡಿಗಳು ಸರದಿಗಾಗಿ ತಾಸುಗಟ್ಟಲೆ ಕಾಯುವ ಅಂಗಳದಲ್ಲಿ ಇಂಥ ಕಟ್ಟೆಯಿದ್ದರೆ ಕಾಯುವ ಹೊತ್ತೂ ಸಾರ್ಥಕವಾದೀತು. ಹೊಳೆಯಲ್ಲಿ ತೊಳೆಯಬೇಡಿರೆಂದು ಹಲಗೆ ನೆಡುವುದರ ಜೊತೆಗೆ ಎಲ್ಲಿ ತೊಳೆಯಬೇಕೆಂಬುದನ್ನೂ ತೋರಿಸಿಕೊಟ್ಟಾಗಲೇ ಆ ಮಾತಿಗೆ ಬೆಲೆ.

ವಿದ್ಯಾರ್ಥಿಗಳ ಪಾಲಿಗೂ ಒಂದು ಕೆಲಸ ಉಳಿದಿದೆ. ಮೇಲೆ ಹೇಳಿದ ಮೊಳೆಯ ಪ್ರಯೋಗವನ್ನು ತಮ್ಮ ಊರಿನ ವಸ್ತುಗಳಿಂದಲೇ ಮಾಡಿ ನೋಡಲಿ: ಒಂದು ಮೊಳೆ ಹಸಿ ಎರೆಯಲ್ಲಿ, ಒಂದು ಕೊಳವೆ ಬಾವಿಯ ನೀರಿನಲ್ಲಿ, ಒಂದು ಹುಳಿತ ಕಬ್ಬಿನ ರಸದಲ್ಲಿ, ಒಂದು ಗೊಬ್ಬರ ಕರಗಿದ ನೀರಿನಲ್ಲಿ, ಒಂದು ಒಣ ಗಾಳಿಯಲ್ಲಿ. ಹಾಕುವ ಮೊದಲು ತೂಗಿ, ತಿಂಗಳಾದ ಮೇಲೆ ತುಕ್ಕನ್ನು ಉಜ್ಜಿ ತೆಗೆದು ಮತ್ತೆ ತೂಗಲಿ. ಕಳೆದುಹೋದ ತೂಕವನ್ನು ಬರೆದು ಶಾಲೆಯ ಗೋಡೆಗೆ ಅಂಟಿಸಲಿ. ತಂದೆಯವರ ಟ್ರ್ಯಾಕ್ಟರು ಮಳೆಗಾಲದಲ್ಲಿ ಏನನ್ನು ಕಳೆದುಕೊಳ್ಳುತ್ತದೆಂಬುದನ್ನು ನಮ್ಮ ಈ ಲೇಖನಕ್ಕಿಂತ ಆ ಐದು ಅಂಕಿಗಳು ಹೆಚ್ಚು ಸ್ಪಷ್ಟವಾಗಿ ಹೇಳಿಯಾವು.